ಹಳೇ ಔಷಧಿ ಸೀಸೆ, ಹಳೇ ಜಾಹೀರಾತು: ಬೆಂಗಳೂರಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಹದಿನೈದು ವರ್ಷದಿಂದ ಹಳೇ ಔಷಧಿ ಸೀಸೆಗಳನ್ನು ಕೂಡಿಡುತ್ತಿದ್ದೇನೆ. ಮನೆಗೆ ಬಂದವರು, ಭಾನುವಾರದ ಗುಜರಿ ಸಂತೆಯಲ್ಲಿ ಪಕ್ಕ ನಿಂತವರು, ಮದುವೆ ಮನೆಯಲ್ಲಿ ಎದುರು ಪಂಕ್ತಿಗೆ ಕೂತವರು ಎಲ್ಲರೂ ಹೆಚ್ಚು ಕಡಿಮೆ ಒಂದೇ ಪ್ರಶ್ನೆಗಳನ್ನು ಕೇಳುತ್ತಾರೆ. ಉತ್ತರ ಹೇಳಿ ಹೇಳಿ ಬಾಯಿಪಾಠ ಆಗಿದೆ. ಬರೆದೇ ಇಟ್ಟರಾಯಿತು ಅನ್ನಿಸಿತು.

ಅಜ್ಜಿ ಮನೆ ಅಟ್ಟದಲ್ಲಿ ಒಂದು ಸೀಸೆ ಸಿಕ್ಕಿದೆ. ಎಷ್ಟು ದುಡ್ಡು ಬರುತ್ತದೆ?

ಖಾಲಿ ಸೀಸೆ ಮಾತ್ರವಾದರೆ ಒಂದು ಮಸಾಲೆ ದೋಸೆ, ಒಂದು ಕಾಫಿ ಖರ್ಚು ಹುಟ್ಟಿದರೆ ಅದೇ ಜಾಸ್ತಿ. ಲೇಬಲ್ ಇದ್ದರೆ ಮಾತು ಬೇರೆ. ಲೇಬಲ್ ಜತೆ ಬಿರಡೆ, ರಟ್ಟಿನ ಡಬ್ಬಿ, ಒಳಗೆ ಮಡಚಿಟ್ಟ ಸೂಚನೆ ಹಾಳೆ ಎಲ್ಲ ಇದ್ದರೆ ಇನ್ನೂ ಬೇರೆ. ಸೀಸೆ ಗಾಜಿನದು, ಸಾವಿರಗಟ್ಟಲೆ ಉಳಿದಿದೆ. ಹಾಳೆ ಕಾಗದದ್ದು, ಉಳಿದಿದ್ದು ಕೈಬೆರಳೆಣಿಕೆ.

ಒಂದು ಮಾತು. ಸಿಕ್ಕ ಕೂಡಲೇ ತೊಳೆಯಬೇಡಿ. ಯಾಕೆ ಅಂತ ಕೆಳಗೆ ಹೇಳುತ್ತೇನೆ. ಅದರಲ್ಲಿ ನನ್ನದೇ ಒಂದು ದಡ್ಡತನವೂ ಇದೆ.

ಪೇಟೆಂಟ್ ಔಷಧಿ ಅಂದರೆ ಪೇಟೆಂಟ್ ಪಡೆದ ಔಷಧಿಯೇ?

ಅಲ್ಲ. ಒಳಗೇನಿದೆ ಅಂತ ಹೇಳದೆ, ಬರೀ ಹೆಸರಿನ ಬಲದಿಂದ ಮಾರುತ್ತಿದ್ದ ಸಿದ್ಧ ಔಷಧಿಗಳಿಗೆ ಹಾಗೆ ಅನ್ನುತ್ತಿದ್ದರು. ಹೆಸರೇ ಒಂದು ಮೋಸ. ಪೇಟೆಂಟ್ ಬೇಕು ಅಂದರೆ ಒಳಗೆ ಏನು ಹಾಕಿದ್ದೀರಿ ಅಂತ ಬರೆದುಕೊಡಬೇಕು. ಈ ಔಷಧಿ ಮಾರುವವರಿಗೆ ಬೇಕಾಗಿದ್ದು ಅದರ ಉಲ್ಟಾ. ಒಳಗಿನದು ಗುಟ್ಟಾಗಿರಬೇಕು, ಹೆಸರು ಮಾತ್ರ ಊರಿಗೆಲ್ಲ ಗೊತ್ತಾಗಬೇಕು. ಇಂಗ್ಲೆಂಡಿನಲ್ಲಿ ರಾಜರು ಕೆಲವು ಔಷಧಿ ಮಾರುವವರಿಗೆ ಅನುಗ್ರಹ ಪತ್ರ ಕೊಡುತ್ತಿದ್ದರು. ಆ ಪತ್ರದ ಹೆಸರಿನಲ್ಲಿದ್ದ 'ಪೇಟೆಂಟ್' ಅನ್ನುವ ಪದ ಹಾಗೇ ಅಂಟಿಕೊಂಡಿತು. ಪತ್ರ ಇಲ್ಲದವರೂ ಅದೇ ಹೆಸರಿನಲ್ಲಿ ಮಾರಿದರು. ಅವರು ನೋಂದಾಯಿಸಿದ್ದು ಬರೀ ಹೆಸರು, ಚಿಹ್ನೆ, ಕೆಲವೊಮ್ಮೆ ಸೀಸೆಯ ಆಕಾರ.

ಅಂದರೆ ಕಂಪನಿಗೆ ಸ್ವಂತ ಅಂತ ಇದ್ದದ್ದು ಲೇಬಲ್ ಒಂದೇ. ಸೀಸೆಯ ಒಳಗಿನದಕ್ಕಿಂತ ಹೊರಗಿನದು ಮುಖ್ಯ ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಹಾಗಾದರೆ ಒಳಗೆ ಏನಿರುತ್ತಿತ್ತು?

ಕೆಲವದರಲ್ಲಿ ಏನೂ ಇಲ್ಲ. ಕೆಲವದರಲ್ಲಿ ಬೇಕಾದ್ದಕ್ಕಿಂತ ಜಾಸ್ತಿ.

ಬೀಚಮ್ಸ್ ಪಿಲ್ಸ್ ತೆಗೆದುಕೊಳ್ಳಿ. 1840ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ ಗುಳಿಗೆ. ಡಬ್ಬಿಗೆ ಒಂದು ಗಿನಿ, ಅಂದರೆ ಇಪ್ಪತ್ತೊಂದು ಶಿಲ್ಲಿಂಗ್, ಬೆಲೆ ಬಾಳುತ್ತದೆ ಅಂತ ಜಾಹೀರಾತು. ಬ್ರಿಟಿಷ್ ವೈದ್ಯರ ಸಂಘ 1909ರಲ್ಲಿ ಇಂಥ ಗುಟ್ಟಿನ ಔಷಧಿಗಳನ್ನು ಪರೀಕ್ಷೆ ಮಾಡಿಸಿ ಪುಸ್ತಕ ಮಾಡಿತು. ಒಳಗಿದ್ದದ್ದು ಲೋಳೆಸರದ ಸಾರ, ಶುಂಠಿ, ಸೋಪು. ಒಂದು ಡಬ್ಬಿ ಸಾಮಾನಿನ ಖರ್ಚು ಅರ್ಧ ಫಾರ್ದಿಂಗ್, ಅಂದರೆ ಪೆನ್ನಿಯ ಎಂಟನೇ ಒಂದು ಪಾಲು. ಮಾರುತ್ತಿದ್ದದ್ದು ಒಂದು ಶಿಲ್ಲಿಂಗ್ ಒಂದೂವರೆ ಪೆನ್ನಿಗೆ, ಶಿಲ್ಲಿಂಗ್ ಅಂದರೆ ಹನ್ನೆರಡು ಪೆನ್ನಿ. ಈ ಒಂದೂವರೆ ಪೆನ್ನಿ ಎಲ್ಲಿಂದ ಬಂತು ಅಂದರೆ, ಅದು ಸರ್ಕಾರದ ಔಷಧಿ ಸ್ಟಾಂಪು ತೆರಿಗೆ. ಸರ್ಕಾರದ ಸ್ಟಾಂಪು ಅಂಟಿದ್ದರಿಂದ ಸರ್ಕಾರವೇ ಒಪ್ಪಿದ ಔಷಧಿ ಅಂತ ಜನ ತಿಳಿದರು. ತೆರಿಗೆಯೂ ಜಾಹೀರಾತು ಆಯಿತು ನೋಡಿ.

ಇನ್ನೊಂದು ಕಡೆ ಕ್ಲೋರೋಡೈನ್. ಇದರ ಕಥೆ ನಮ್ಮ ದೇಶಕ್ಕೇ ಸೇರಿದ್ದು. ಜಾನ್ ಕಾಲಿಸ್ ಬ್ರೌನ್ ಅನ್ನುವ ಸೇನೆಯ ವೈದ್ಯ ಭಾರತದಲ್ಲಿದ್ದಾಗ, 1848ರ ಸುಮಾರಿಗೆ, ಕಾಲರಾಗೆ ಅಂತ ಕಲಸಿದ ಔಷಧಿ ಇದು. ಅಫೀಮಿನ ಸಾರ, ಗಾಂಜಾ ಸಾರ, ಕ್ಲೋರೋಫಾರ್ಮ್ ಮೂರೂ ಒಂದೇ ಸೀಸೆಯಲ್ಲಿ! ಭೇದಿ ನಿಲ್ಲುತ್ತಿತ್ತು ಅನ್ನುವುದು ನಿಜ. ಅಫೀಮು ಕರುಳಿನ ಓಟವನ್ನು ನಿಧಾನ ಮಾಡುತ್ತದೆ. ಚಟವೂ ಹತ್ತುತ್ತಿತ್ತು. ಅಮೆರಿಕದ ಮಿಸೆಸ್ ವಿನ್ಸ್‌ಲೋಸ್ ಸೂದಿಂಗ್ ಸಿರಪ್ ಹಲ್ಲು ಬರುವ ಮಕ್ಕಳಿಗೆ ಕೊಡುವ ಔಷಧಿ. ಅದರಲ್ಲಿ ಇದ್ದದ್ದು ಮಾರ್ಫಿನ್. ಮಗು ಅಳು ನಿಲ್ಲಿಸುತ್ತಿತ್ತು. ಕೆಲವು ಮಕ್ಕಳು ಮತ್ತೆ ಏಳಲೇ ಇಲ್ಲ. ಆ ಜಾಹೀರಾತಿನ ಚಿತ್ರದಲ್ಲಿ ತಾಯಿ, ಮಗು ಎಷ್ಟು ಮುದ್ದಾಗಿದ್ದಾರೆ ಅಂದರೆ, ಒಳಗಿನದು ಗೊತ್ತಾದ ಮೇಲೆ ಅದನ್ನು ಗೋಡೆಗೆ ಹಾಕಲು ನನಗೆ ಮನಸ್ಸಾಗಲಿಲ್ಲ. ಫೈಲಿನಲ್ಲಿ ಇದೆ.

ಹೆಂಗಸರ ಎಲ್ಲ ತೊಂದರೆಗೂ ಅಂತ ಮಾರಿದ ಲಿಡಿಯಾ ಪಿಂಕಮ್ ಟಾನಿಕ್‌ನಲ್ಲಿ ಶೇ. 18ರಷ್ಟು ಮದ್ಯಸಾರ ಇತ್ತು. ಕುಡಿತ ಕೂಡದು ಎನ್ನುತ್ತಿದ್ದ ಮನೆಗಳಲ್ಲೂ ಆ ಸೀಸೆ ಇರುತ್ತಿತ್ತು. ಹಾವಿನ ಎಣ್ಣೆ ಅಂತ ಮಾರಿದ ಕ್ಲಾರ್ಕ್ ಸ್ಟ್ಯಾನ್ಲಿಯ ಸೀಸೆಯನ್ನು ಅಮೆರಿಕ ಸರ್ಕಾರ ಪರೀಕ್ಷಿಸಿದಾಗ ಖನಿಜ ತೈಲ, ದನದ ಕೊಬ್ಬು, ಮೆಣಸಿನಕಾಯಿ, ಟರ್ಪೆಂಟೈನ್ ಸಿಕ್ಕವು. ಹಾವು ಮಾತ್ರ ಇರಲಿಲ್ಲ. ದಂಡ 20 ಡಾಲರ್.

ಇವೆಲ್ಲ ಬೆಂಗಳೂರಿಗೆ ಹೇಗೆ ಬಂದವು?

ಮೊದಲು ದಂಡಿನ ಜತೆ. 1809ರಲ್ಲಿ ಕಂಟೋನ್ಮೆಂಟ್ ಆಯಿತು. ಸಿಪಾಯಿಗಳು, ಅವರ ಹೆಂಗಸರು ಮಕ್ಕಳು, ಅವರಿಗೆ ಊರಿನಿಂದ ಬರುವ ಸಾಮಾನು ಮಾರುವ ಅಂಗಡಿಗಳು. 1864ರಲ್ಲಿ ಜೋಲಾರಪೇಟೆಯಿಂದ ರೈಲು ಬಂದ ಮೇಲೆ ಮದ್ರಾಸ್ ಬಂದರಿನ ಪೆಟ್ಟಿಗೆಗಳು ಸಲೀಸಾಗಿ ಇಲ್ಲಿಗೆ ಬಂದವು. ಸೌತ್ ಪೆರೇಡ್ ಕಡೆ, ಅಂದರೆ ಈಗಿನ ಎಂ.ಜಿ. ರಸ್ತೆ ಕಡೆ, ವಿಲಾಯ್ತಿ ಔಷಧಿ. ಪೇಟೆ ಕಡೆ ಗಂಧಿಗೆ ಅಂಗಡಿಯ ಬೇರು, ನಾರು. ಎರಡು ಊರು, ಎರಡು ಔಷಧಿ.

ಈ ಗೋಡೆ ಒಡೆದದ್ದು ಅಂಚೆ. 1877ರಲ್ಲಿ ವಿ.ಪಿ., ಅಂದರೆ ವ್ಯಾಲ್ಯೂ ಪೇಯಬಲ್, ಪದ್ಧತಿ ಶುರುವಾಯಿತು. ಮನೆ ಬಾಗಿಲಿಗೆ ಪೊಟ್ಟಣ ಬರುತ್ತದೆ, ಅಂಚೆಯವನಿಗೆ ದುಡ್ಡು ಕೊಟ್ಟು ಬಿಡಿಸಿಕೊಳ್ಳಬೇಕು. ಬೊಂಬಾಯಿ, ಕಲ್ಕತ್ತ, ಜಾಮ್‌ನಗರದ ಔಷಧಿ ಕಂಪನಿಗಳು ಹಳ್ಳಿಯ ಶಾನುಭೋಗರ ಮನೆ ತನಕ ತಲುಪಿದ್ದು ಹೀಗೆ. ಹಳೇ ಜಾಹೀರಾತುಗಳ ಕೊನೆಯಲ್ಲಿ 'ವಿ.ಪಿ. ಖರ್ಚು ಬೇರೆ' ಅಂತ ಇರುತ್ತದಲ್ಲ, ಅದು ಇದೇ. 1898ರಲ್ಲಿ ಪ್ಲೇಗು ಬಂತು. ಹೆದರಿದ ಊರಿನಲ್ಲಿ ಔಷಧಿ ಬೇಗ ಖರ್ಚಾಗುತ್ತದೆ.

ಆಮೇಲೆ ನಮ್ಮವರದೇ ಕಾಲ. ಡಾಬರ್ 1884, ಕಲ್ಕತ್ತ. ಅಮೃತಾಂಜನ 1893ರಲ್ಲಿ ಬೊಂಬಾಯಿಯಲ್ಲಿ ಶುರುವಾಗಿ ಆಮೇಲೆ ಮದ್ರಾಸಿಗೆ ಬಂತು. ಶುರು ಮಾಡಿದ ಕಾಶೀನಾಥುನಿ ನಾಗೇಶ್ವರ ರಾವ್ ಪತ್ರಿಕೆಯನ್ನೂ ನಡೆಸಿದರು. ಜಂಡು 1910. ನಮ್ಮ ನಂಜನಗೂಡಿನಲ್ಲಿ ಬಿ.ವಿ. ಪಂಡಿತರ ಸದ್ವೈದ್ಯಶಾಲೆ 1913. ಗುಲಾಬಿ ಬಣ್ಣದ ನಂಜನಗೂಡು ಹಲ್ಲುಪುಡಿಯಲ್ಲಿ ಬೆರಳಾಡಿಸದ ಹಳೇ ಮೈಸೂರಿನ ಮನೆ ಇತ್ತಾ? ಇವನ್ನೆಲ್ಲ ವಿಲಾಯ್ತಿಯ ಗುಟ್ಟಿನ ಔಷಧಿಗಳ ಸಾಲಿಗೆ ಹಾಕುವುದು ಸರಿಯಲ್ಲ. ಆದರೆ ಸೀಸೆ, ಲೇಬಲ್, ಜಾಹೀರಾತು ಕೂಡಿಡುವವರಿಗೆ ಇವೂ ಬೇಕು. ನನಗಂತೂ ಇವೇ ಹೆಚ್ಚು ಬೇಕು.

ಸೀಸೆಯ ವಯಸ್ಸು ತಿಳಿಯುವುದು ಹೇಗೆ?

ಕನ್ನಡಕ ಹಾಕಿಕೊಂಡು ಕಿಟಕಿ ಹತ್ತಿರ ಹೋಗಿ. ಮೈಮೇಲೆ ಅಚ್ಚಿನ ಗೆರೆ ಹುಡುಕಿ. ಅಚ್ಚಿನ ಎರಡು ಭಾಗ ಸೇರುವಲ್ಲಿ ಬೀಳುವ ಸಣ್ಣ ಏಣು ಅದು. ಆ ಗೆರೆ ಕುತ್ತಿಗೆಯ ತನಕ ಬಂದು ಬಾಯಿಯ ಕೆಳಗೇ ಮಾಯವಾದರೆ, ಬಾಯಿಯನ್ನು ಕೈಯಲ್ಲಿ ತಿದ್ದಿ ಮಾಡಿದ್ದಾರೆ. ಗೆರೆ ಬಾಯಿಯ ತುದಿ ದಾಟಿ ಹೋದರೆ ಅದು ಯಂತ್ರದ ಸೀಸೆ. ಅಮೆರಿಕದಲ್ಲಿ ಸೀಸೆ ಮಾಡುವ ಓವೆನ್ಸ್ ಯಂತ್ರ ಬಂದದ್ದು 1903ರ ಸುಮಾರಿಗೆ. ತಳದಲ್ಲಿ ಒರಟು ಗಾಯದ ಗುರುತು ಇದ್ದರೆ, ಅಂದರೆ ಸೀಸೆಯನ್ನು ಕಬ್ಬಿಣದ ಸಲಾಕೆಗೆ ಅಂಟಿಸಿ ಹಿಡಿದು ಮುರಿದ ಗುರುತು ಇದ್ದರೆ, ಸಾಮಾನ್ಯವಾಗಿ 1860ಕ್ಕಿಂತ ಹಿಂದಿನದು. ತಿರುಪು ಮುಚ್ಚಳ ಇದ್ದರೆ ಬಹುಪಾಲು 1920ರ ನಂತರ.

ಇದೆಲ್ಲ ಇಂಗ್ಲೆಂಡ್, ಅಮೆರಿಕದ ಸೀಸೆಗಳ ಲೆಕ್ಕ. ನಮ್ಮ ದೇಶದಲ್ಲಿ ಬಾಯಲ್ಲಿ ಊದಿ ಗಾಜು ಮಾಡುವುದು ಬಹಳ ವರ್ಷ ಮುಂದುವರಿಯಿತು. ಹಾಗಾಗಿ ಭಾರತದ ಸೀಸೆಯಲ್ಲಿ ಗೆರೆ ಅರ್ಧಕ್ಕೆ ನಿಂತಿದೆ ಅಂತ 1880 ಅಂದುಬಿಟ್ಟರೆ ಪೆಚ್ಚಾಗುತ್ತೀರಿ. ಅದು 1940ರದ್ದೂ ಇರಬಹುದು. ಗಾಜಿನಲ್ಲಿ ಗುಳ್ಳೆ ಇದೆ, ಆದ್ದರಿಂದ ಪುರಾತನ ಅನ್ನುವ ಮಾತನ್ನು ನಂಬಲೇಬೇಡಿ. ಕೆಟ್ಟ ಗಾಜಿನಲ್ಲಿ ಯಾವ ಕಾಲಕ್ಕೂ ಗುಳ್ಳೆ ಇರುತ್ತದೆ.

ಲೇಬಲ್ ನೋಡಿ ಕಾಲ ಹೇಳಬಹುದಾ?

ಹೇಳಬಹುದು. ಗಾಜಿಗಿಂತ ಚೆನ್ನಾಗಿ ಹೇಳಬಹುದು. ಅದರಲ್ಲೂ ಬೆಂಗಳೂರಿನ ವಿಳಾಸ ಇದ್ದರೆ ನನಗೆ ಹಬ್ಬ.

ಮೊದಲು ಬೆಲೆ ನೋಡಿ. ಆಣೆ ಅಂತ ಇದ್ದರೆ 1957ಕ್ಕಿಂತ ಹಿಂದೆ, ಅಥವಾ ಅದರ ಆಸುಪಾಸು. 'ನಯಾ ಪೈಸೆ' ಅಂತ ಇದ್ದರೆ 1957ರಿಂದ 1964ರ ನಡುವೆ. ಅಳತೆ ಔನ್ಸಿನಲ್ಲಿದ್ದರೆ ಹಳೆಯದು. ಮಿಲಿಲೀಟರ್ ಇದ್ದರೆ ಮೆಟ್ರಿಕ್ ಬಂದ ನಂತರ, ಅಂದರೆ ಸುಮಾರು 1960ರ ಈಚೆ.

ಆಮೇಲೆ ವಿಳಾಸ. 'ಸಿ ಅಂಡ್ ಎಂ ಸ್ಟೇಷನ್, ಬೆಂಗಳೂರು', ಅಂದರೆ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್, ಅಂತ ಇದ್ದರೆ ಅದು ಬ್ರಿಟಿಷರ ಕೈಯಲ್ಲಿದ್ದ ದಂಡು ಪ್ರದೇಶ. 1947ರಲ್ಲಿ ಅದು ಮೈಸೂರು ಸಂಸ್ಥಾನಕ್ಕೆ ವಾಪಸ್ ಬಂತು. 1949ರಲ್ಲಿ ದಂಡು ಮತ್ತು ಪೇಟೆ ಸೇರಿ ಒಂದೇ ಕಾರ್ಪೊರೇಷನ್ ಆಯಿತು. 'ಬೆಂಗಳೂರು-2' ಅಂತ ಒಂದೇ ಅಂಕಿ ಇದ್ದರೆ ಪಿನ್ ಕೋಡ್ ಬರುವ ಮುಂಚಿನದು. '560 002' ಇದ್ದರೆ 1972ರ ಆಗಸ್ಟ್ 15ರ ಈಚೆ. 'ಮೈಸೂರು ಸ್ಟೇಟ್' ಅಂತ ಇದ್ದರೆ 1973ರ ನವೆಂಬರ್ 1ಕ್ಕಿಂತ ಹಿಂದೆ.

ಅಂಗಡಿಯವರು ಹಳೇ ಲೇಬಲ್ ರಾಶಿ ಮುಗಿಯುವ ತನಕ ಅಂಟಿಸುತ್ತಿದ್ದರು ಅನ್ನುವುದೂ ನೆನಪಿರಲಿ. ಒಂದೆರಡು ವರ್ಷ ಆಚೆ ಈಚೆ ಆಗುತ್ತದೆ. ಕೆಲವರು ಹಳೇ ಬೆಲೆಯ ಮೇಲೆ ರಬ್ಬರ್ ಸ್ಟಾಂಪು ಒತ್ತಿ ಹೊಸ ಬೆಲೆ ಹಾಕಿರುತ್ತಾರೆ. ಅಂಥದ್ದು ಸಿಕ್ಕರೆ ಬಿಡಬೇಡಿ.

ಬಣ್ಣದ ಸೀಸೆಗೆ ಬೆಲೆ ಜಾಸ್ತಿಯಾ?

ಹೌದು, ಜನ ಬಣ್ಣಕ್ಕೆ ಬೀಳುತ್ತಾರೆ. ತಿಳಿ ಹಸಿರು ನೀಲಿ ಬಣ್ಣ ಸಾಮಾನ್ಯ. ಮರಳಿನಲ್ಲಿರುವ ಕಬ್ಬಿಣದಿಂದ ಬರುವ ಬಣ್ಣ ಅದು, ಯಾರೂ ಬೇಕು ಅಂತ ಹಾಕಿದ್ದಲ್ಲ. ಕಂದು ಬಣ್ಣ ಬೆಳಕಿನಿಂದ ಔಷಧಿ ಕಾಪಾಡಲು. ಕಡು ನೀಲಿಗೆ ಕೋಬಾಲ್ಟ್ ಬೇಕು, ಅದಕ್ಕೇ ದುಬಾರಿ. ಬಿಳಿ ಗಾಜು ಬಿಸಿಲಿಗೆ ನೇರಳೆ ತಿರುಗಿದ್ದರೆ ಅದರಲ್ಲಿ ಮ್ಯಾಂಗನೀಸ್ ಇದೆ. ಅಂಥದ್ದು ಹೆಚ್ಚಾಗಿ ಮೊದಲ ಮಹಾಯುದ್ಧಕ್ಕಿಂತ ಹಿಂದಿನದು. ಈಗ ವಿಕಿರಣ ಹಾಯಿಸಿ ಬೇಕಂತಲೇ ನೇರಳೆ ಮಾಡುವವರೂ ಇದ್ದಾರೆ. ಬದನೆಕಾಯಿಯಷ್ಟು ಗಾಢ ಇದ್ದರೆ ಅನುಮಾನಪಡಿ.

ವಿಷದ ಸೀಸೆಗಳದ್ದು ಬೇರೆಯೇ ಗುಂಪು. ಮೈಮೇಲೆ ಗೀರು ಗೀರು, ಆರು ಮೂಲೆ, ನೀಲಿ ಅಥವಾ ಹಸಿರು. ಕತ್ತಲಲ್ಲಿ ಕೈಗೆ ಸಿಕ್ಕರೂ ಬೆರಳಿಗೇ ಗೊತ್ತಾಗಲಿ, ಯಾರೂ ಕೆಮ್ಮಿನ ಔಷಧಿ ಅಂತ ಕುಡಿಯದಿರಲಿ ಅಂತ. ಕರೆಂಟ್ ಇಲ್ಲದ ಕಾಲದ ಜಾಣತನ.

ಗೋಲಿ ಸೋಡಾ ಸೀಸೆ ಇದರಲ್ಲಿ ಸೇರುತ್ತದಾ?

ಇಲ್ಲ. ಆದರೂ ಎಲ್ಲರ ಹತ್ತಿರ ಒಂದಿರುತ್ತದೆ. ಹೈರಮ್ ಕಾಡ್ 1872ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದ ಸೀಸೆ ಅದು. ನಿಜವಾದ ಪೇಟೆಂಟ್!

ಕನ್ನಡ ಲೇಬಲ್ ಇರುವ ಸೀಸೆ ಯಾಕೆ ಅಷ್ಟು ಅಪರೂಪ?

'ಹಳೇ ಪೇಪರ್, ಖಾಲಿ ಸೀಸೆ...' ಈ ಕೂಗು ನೆನಪಿದೆಯಾ? ಉತ್ತರ ಅದರಲ್ಲೇ ಇದೆ.

ಬೇರೆ ದೇಶದಲ್ಲಿ ಔಷಧಿ ಮುಗಿದ ಮೇಲೆ ಸೀಸೆಯನ್ನು ಹಿತ್ತಲ ಗುಂಡಿಗೆ ಎಸೆದರು. ನೂರು ವರ್ಷದ ನಂತರ ಅಗೆದು ತೆಗೆದವರು ಸಂಗ್ರಹಕಾರರಾದರು. ನಮ್ಮಲ್ಲಿ ಖಾಲಿ ಸೀಸೆಯನ್ನು ಎಸೆದವರು ಯಾರು? ಅದಕ್ಕೆ ಸೀಮೆಎಣ್ಣೆ ತುಂಬಿದರು. ಹರಳೆಣ್ಣೆ ತುಂಬಿದರು. ಮುಚ್ಚಳಕ್ಕೆ ತೂತು ಹೊಡೆದು ಬತ್ತಿ ಹಾಕಿ ಬುಡ್ಡಿ ದೀಪ ಮಾಡಿದರು. ಸಾಕಾದ ಮೇಲೆ ಖಾಲಿ ಸೀಸೆಯವನಿಗೆ ಕೊಟ್ಟರು. ಅವನು ಪೇಟೆಗೆ ಕೊಟ್ಟ. ಪೇಟೆಯಲ್ಲಿ ತೊಳೆದು, ಲೇಬಲ್ ಕೆರೆದು, ಇನ್ನೊಂದು ಔಷಧಿಯವರಿಗೆ ಮಾರಿದರು. ಒಂದೇ ಸೀಸೆ ನಾಲ್ಕು ಔಷಧಿ ಕಂಡಿರುತ್ತದೆ. ಗಾಜಿನ ಮೇಲೆ ಉಬ್ಬಿದ ಅಕ್ಷರದಲ್ಲಿ ಲಂಡನ್ ಕಂಪನಿಯ ಹೆಸರು, ಲೇಬಲ್‌ನಲ್ಲಿ ಊರಿನ ಪಂಡಿತರ ಲೇಹ್ಯ. ನನ್ನ ಹತ್ತಿರ ಅಂಥ ಎರಡಿವೆ. ಪಾಶ್ಚಾತ್ಯ ಸಂಗ್ರಹಕಾರರಿಗೆ ಇದು ದೋಷ. ನನಗೆ ಇದೇ ನಮ್ಮೂರಿನ ಗುರುತು.

ದೊಡ್ಡ ಕಂಪನಿಗಳ ಸೂಚನೆ ಹಾಳೆಯಲ್ಲಿ ಇಂಗ್ಲಿಷ್, ತಮಿಳು, ತೆಲುಗು, ಹಿಂದಿ, ಉರ್ದು ಜತೆ ಕನ್ನಡಕ್ಕೂ ಒಂದು ಸಾಲು ಜಾಗ ಕೊಡುತ್ತಿದ್ದರು. ಮದ್ರಾಸಿನಲ್ಲೋ ಬೊಂಬಾಯಿಯಲ್ಲೋ ಕೂತು ಮಾಡಿದ ಅನುವಾದ, ಅಚ್ಚಿನ ತಪ್ಪು ಬೇರೆ. ಒತ್ತು ಬಿಟ್ಟುಹೋಗಿ, ದೀರ್ಘ ಎಲ್ಲೋ ಹಾರಿ, 'ಊಟದ ನಂತರ' ಅನ್ನುವುದು ಏನೇನೋ ಆಗಿರುತ್ತದೆ. ಓದಿ ನಗುತ್ತೇವೆ. ಆದರೆ ಈ ಊರಿನ ಜನ ಔಷಧಿ ಬಗ್ಗೆ ಅಚ್ಚಿನಲ್ಲಿ ಓದಿದ ಮೊದಲ ಕನ್ನಡ ಬಹುಶಃ ಎಷ್ಟೋ ಮನೆಗಳಲ್ಲಿ ಅದೇ. ಆ ಹಾಳೆಯಲ್ಲಿ ಮರುದಿನ ಯಾರೋ ಕಡಲೆಕಾಯಿ ಕಟ್ಟಿದರು.

ಬೆಂಗಳೂರಿನಲ್ಲಿ ಎಲ್ಲಿ ಹುಡುಕಬೇಕು?

ಭಾನುವಾರ ಬೆಳಗ್ಗೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆ ಕಡೆಯ ಸಂಡೇ ಬಜಾರ್. ಬೇಗ ಹೋಗಿ. ಹತ್ತು ಗಂಟೆಗೆ ಕಾಫಿ ಕುಡಿದು ಹೊರಟರೆ ನೆಟ್ಟು ಬೋಲ್ಟು ಮಾತ್ರ ಉಳಿದಿರುತ್ತದೆ. ಚಿಲ್ಲರೆ ಇಟ್ಟುಕೊಳ್ಳಿ, ಫೋನ್ ಒಳಜೇಬಿನಲ್ಲಿರಲಿ. ಕಾಗದಕ್ಕೆ ಅವೆನ್ಯೂ ರಸ್ತೆ, ಅಂದರೆ ಹಳೇ ದೊಡ್ಡಪೇಟೆ. ಅಲ್ಲಿನ ಹಳೇ ಪುಸ್ತಕದ ರಾಶಿಯಲ್ಲಿ ಪಂಚಾಂಗ, ಹಳೇ ವಾರಪತ್ರಿಕೆ ಸಿಗುತ್ತವೆ. ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ದಂಡು ಕಡೆಯ ಮನೆಗಳ ಸಾಮಾನು ಬರುತ್ತದೆ.

ಇವೆಲ್ಲಕ್ಕಿಂತ ಒಳ್ಳೇ ಜಾಗ ನಿಮ್ಮ ಬೀದಿಯ ಹಳೇ ಪೇಪರ್ ಅಂಗಡಿ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯಲ್ಲಿ ಹಳೇ ಮನೆ ಕೆಡವಿ ಅಪಾರ್ಟ್‌ಮೆಂಟ್ ಏಳುವಾಗ ಅಟ್ಟದ ಸಾಮಾನು ಮೊದಲು ಬರುವುದು ಅಲ್ಲಿಗೇ. ಅಂಗಡಿಯವರ ಜತೆ ಸ್ನೇಹ ಇರಲಿ. 'ಹಳೇ ಔಷಧಿ ಡಬ್ಬಿ, ಚೀಟಿ ಬಂದರೆ ಹೇಳಿ' ಅಂತ ನಂಬರ್ ಕೊಟ್ಟಿರಿ. ನನಗೆ ಸಿಕ್ಕ ಒಳ್ಳೆಯದರಲ್ಲಿ ಅರ್ಧ ಹಾಗೆ ಬಂದದ್ದು.

ಪಾಯ ತೋಡುವ ಜಾಗಕ್ಕೆ ಸುಮ್ನೆ ನುಗ್ಗಬೇಡಿ. ಮಾಲೀಕರನ್ನು ಕೇಳಿ, ಮೇಸ್ತ್ರಿಯನ್ನು ಕೇಳಿ. ಹೆಚ್ಚಿನವರು ನಕ್ಕು 'ತಗೊಂಡೋಗಿ ಸಾರ್' ಅನ್ನುತ್ತಾರೆ.

ಜಾಹೀರಾತಿನಲ್ಲಿ ಏನೇನು ಕೂಡಿಡಬಹುದು?

ಎನಾಮೆಲ್ ಬೋರ್ಡುಗಳಿಗೆ ಎಲ್ಲರೂ ಮುಗಿಬೀಳುತ್ತಾರೆ. ಈಗ ಹೋಟೆಲ್ ಅಲಂಕಾರದವರು ಬೆಲೆ ಏರಿಸಿಬಿಟ್ಟಿದ್ದಾರೆ. ನನ್ನ ಕೈಗೆ ಎಟುಕುವುದಿಲ್ಲ, ಆದ್ದರಿಂದ ದ್ರಾಕ್ಷಿ ಹುಳಿ ಅಂತಲೇ ಇಟ್ಟುಕೊಳ್ಳಿ.

ಕ್ಯಾಲೆಂಡರ್‌ಗಳು ಚೆಂದ. ಮೇಲೆ ದೇವರು, ಕೆಳಗೆ ಔಷಧಿ. ಗ್ರೈಪ್ ವಾಟರ್ ಜತೆ ಬಾಲಕೃಷ್ಣ ಬಂದದ್ದು ಹೀಗೇ. ವುಡ್‌ವರ್ಡ್ಸ್ ಗ್ರೈಪ್ ವಾಟರ್ ಶುರುವಾದದ್ದು 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ. ಅದರಲ್ಲಿ ಆಗ ಮದ್ಯಸಾರವೂ ಇತ್ತು. ನಮ್ಮಲ್ಲಿ ಯಶೋದೆಯ ಮಡಿಲಿಗೆ ಬಂದು ಕೂತಿತು. ದೇವರ ಚಿತ್ರ ಇರುವ ಕ್ಯಾಲೆಂಡರನ್ನು ವರ್ಷ ಮುಗಿದರೂ ಯಾರೂ ಹರಿಯುವುದಿಲ್ಲ, ಚೌಕಟ್ಟು ಹಾಕಿ ದೇವರ ಮನೆಯಲ್ಲಿ ಇಡುತ್ತಾರೆ. ಕಂಪನಿಯ ಹೆಸರಿಗೂ ದಿನಾ ಮಂಗಳಾರತಿ. ಇದಕ್ಕಿಂತ ಬುದ್ಧಿವಂತ ಜಾಹೀರಾತು ನಾನು ಕಂಡಿಲ್ಲ. ಒಂದು ಕಷ್ಟ ಏನೆಂದರೆ, ಚೌಕಟ್ಟಿಗೆ ಕೂರಿಸುವಾಗ ಬಹಳ ಜನ ಕೆಳಗಿನ ಔಷಧಿಯ ಪಟ್ಟಿಯನ್ನು ಕತ್ತರಿಸಿಬಿಟ್ಟಿದ್ದಾರೆ.

ಮೀನೆಣ್ಣೆ ಟಾನಿಕ್ ಸ್ಕಾಟ್ಸ್ ಎಮಲ್ಷನ್‌ನ ಬೆನ್ನ ಮೇಲೆ ಮೀನು ಹೊತ್ತ ಮನುಷ್ಯ ಇನ್ನೊಬ್ಬ ಹಳೇ ನೆಂಟ. ಓದು ಬಾರದವರೂ 'ಮೀನಿನವನ ಔಷಧಿ ಕೊಡಿ' ಅಂತ ಕೇಳಬಹುದಿತ್ತು. ನೋವಿಗೆ ಹಚ್ಚುವ ಸ್ಲೋನ್ಸ್ ಲಿನಿಮೆಂಟ್‌ನ ಮೀಸೆಯವನೂ ಅದೇ ಕೆಲಸ ಮಾಡಿದ.

ದುಡ್ಡಿಲ್ಲದವರಿಗೆ ನನ್ನ ಸಲಹೆ: ಪಂಚಾಂಗ. ರಾಹುಕಾಲದ ಪಕ್ಕದ ಪುಟದಲ್ಲೇ ಧಾತುಪುಷ್ಟಿ ಗುಳಿಗೆ, ಬಾಲಾಮೃತ, ತಲೆನೋವಿನ ಲೇಪ. ಒಂದು ಪಂಚಾಂಗದಲ್ಲಿ ಇಪ್ಪತ್ತು ಜಾಹೀರಾತು ಸಿಗುತ್ತವೆ, ಮುಖಪುಟದಲ್ಲೇ ಇಸವಿ ಇರುತ್ತದೆ. ಕಾಲ ಹುಡುಕುವ ತಲೆನೋವೇ ಇಲ್ಲ. ಕೊಳ್ಳದೇ ನೋಡಬೇಕೆಂದರೆ ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯ ಗ್ರಂಥಾಲಯ ಇದೆ, ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯ ಇದೆ.

ಜನ ಆ ಜಾಹೀರಾತುಗಳನ್ನು ನಿಜವಾಗಿ ನಂಬುತ್ತಿದ್ದರಾ?

ನಾವು ಈಗ ವಾಟ್ಸಾಪ್‌ನಲ್ಲಿ ಬಂದದ್ದನ್ನು ನಂಬುವುದಿಲ್ಲವಾ? ಹಾಗೇ.

ಔಷಧಿ ಕಂಪನಿಗಳ ಉಪಾಯ ಎರಡು. ಒಂದು, ಕಾಯಿಲೆಯನ್ನು ಎಷ್ಟು ಅಗಲವಾಗಿ ಹೇಳುವುದು ಅಂದರೆ ಓದುವ ಪ್ರತಿಯೊಬ್ಬನಿಗೂ 'ಅಯ್ಯೋ, ಇದು ನನಗೂ ಇದೆ' ಅನ್ನಿಸಬೇಕು. ಬೆಳಗ್ಗೆ ಏಳಲು ಬೇಸರ, ಊಟದ ಮೇಲೆ ಭಾರ, ಕೆಲಸದಲ್ಲಿ ಮನಸ್ಸಿಲ್ಲ. ಯಾರಿಗಿಲ್ಲ? ಇನ್ನೊಂದು, ಗುಣವಾದವರ ಪತ್ರ. ಲಿಡಿಯಾ ಪಿಂಕಮ್ ಜಾಹೀರಾತಿನಲ್ಲಿ 'ನಿಮ್ಮ ಕಷ್ಟ ಮಿಸೆಸ್ ಪಿಂಕಮ್‌ಗೆ ಬರೆಯಿರಿ' ಅಂತ ಇರುತ್ತಿತ್ತು. ಹೆಂಗಸರು ಬರೆದರು, ಉತ್ತರವೂ ಬಂತು. ಆಕೆ ತೀರಿಕೊಂಡದ್ದು 1883ರಲ್ಲಿ. ಉತ್ತರ ಬರುವುದು ನಿಲ್ಲಲಿಲ್ಲ. ಕೊನೆಗೆ 1905ರಲ್ಲಿ ಅಮೆರಿಕದ ಒಂದು ಮಹಿಳಾ ಪತ್ರಿಕೆ ಆಕೆಯ ಸಮಾಧಿ ಕಲ್ಲಿನ ಫೋಟೋ ಅಚ್ಚು ಹಾಕಿತು.

ಮರುವರ್ಷ, 1906ರಲ್ಲಿ, ಅಮೆರಿಕದಲ್ಲಿ ಶುದ್ಧ ಆಹಾರ ಮತ್ತು ಔಷಧಿ ಕಾಯ್ದೆ ಬಂತು. ಮದ್ಯಸಾರ, ಅಫೀಮು ಇದ್ದರೆ ಲೇಬಲ್ ಮೇಲೆ ಬರೆಯಲೇಬೇಕಾಯಿತು. ನಮ್ಮಲ್ಲಿ ಚೋಪ್ರಾ ಸಮಿತಿ 1930ರಲ್ಲಿ ಔಷಧಿ ಮಾರುಕಟ್ಟೆಯ ತನಿಖೆ ಶುರು ಮಾಡಿತು. 1940ರಲ್ಲಿ ಔಷಧಿ ಕಾಯ್ದೆ. 1954ರಲ್ಲಿ ಬಂದ ಕಾಯ್ದೆ ಮಾಂತ್ರಿಕ ಔಷಧಿ, ಆಕ್ಷೇಪಾರ್ಹ ಜಾಹೀರಾತುಗಳಿಗೆ ತಡೆ ಹಾಕಿತು. ಪಂಚಾಂಗಗಳನ್ನು 1950ರದ್ದು ಒಂದು, 1960ರದ್ದು ಒಂದು ಪಕ್ಕಪಕ್ಕ ಇಟ್ಟು ಓದಿ ನೋಡಿ. ರಾಮಬಾಣಗಳು ಮೆಲ್ಲಗೆ 'ಉಪಯುಕ್ತ' ಆಗುವುದು ಕಾಣುತ್ತದೆ.

ನಕಲಿ ಹಾವಳಿ ಇದೆಯಾ?

ಸೀಸೆಯಲ್ಲಿ ಕಡಿಮೆ. ಅಮೆರಿಕದಲ್ಲಿ 1960, 70ರ ದಶಕದಲ್ಲಿ ವೀಟನ್ ಕಂಪನಿ ಹಳೇ ಔಷಧಿ ಸೀಸೆಗಳ ಹೊಸ ಪ್ರತಿಗಳನ್ನು ಅಲಂಕಾರಕ್ಕೆ ಅಂತ ಮಾಡಿತು. ಅವು ಕೈ ಬದಲಾಗುತ್ತಾ ಈಗ 'ಪುರಾತನ' ಆಗಿಬಿಟ್ಟಿವೆ. ಬಣ್ಣ ಅತಿ ಹೊಳಪು, ತಳದಲ್ಲಿ ಸವೆತ ಇಲ್ಲ. ನೂರು ವರ್ಷ ಕಪಾಟಿನಲ್ಲಿ ಎಳೆದಾಡಿದ ಸೀಸೆಯ ತಳ ನುಣ್ಣಗಿರುವುದಿಲ್ಲ.

ಬೋರ್ಡುಗಳಲ್ಲಿ ಹೇರಳ. ನಾನೇ ಮೋಸ ಹೋಗಿದ್ದೇನೆ. ನಗರದ ಒಂದು ಅಂಗಡಿಯಲ್ಲಿ ಮುಲಾಮಿನ ಎನಾಮೆಲ್ ಬೋರ್ಡು ಕೊಂಡೆ. ತುಕ್ಕು ಬಹಳ ಸೊಗಸಾಗಿ ಮೂಲೆ ಮೂಲೆಯಲ್ಲೇ ಹಿಡಿದಿತ್ತು. ಮೊಳೆ ಹೊಡೆಯುವ ತೂತಿನ ಸುತ್ತ ಮಾತ್ರ ಹಿಡಿದಿರಲಿಲ್ಲ. ನಿಜವಾದ ಬೋರ್ಡು ಮೊದಲು ತುಕ್ಕು ಹಿಡಿಯುವುದೇ ಅಲ್ಲಿ, ಸ್ಕ್ರೂ ಬಿಗಿದಾಗ ಎನಾಮೆಲ್ ಚಕ್ಕೆ ಏಳುತ್ತದಲ್ಲ, ಅದಕ್ಕೆ. ಈ ಜ್ಞಾನ ಬಂದದ್ದು ದುಡ್ಡು ಕೊಟ್ಟ ಮೇಲೆ. ಬೋರ್ಡು ಈಗ ಬಚ್ಚಲು ಮನೆಯ ಹೊರಗೆ ಇದೆ.

ಲೇಬಲ್ ಅನುಮಾನ ಬಂದರೆ ಭೂತಗನ್ನಡಿ ಹಿಡಿಯಿರಿ. ಮೊಳೆ ಅಚ್ಚಿನ ಅಕ್ಷರ ಕಾಗದಕ್ಕೆ ಸ್ವಲ್ಪ ಒತ್ತಿರುತ್ತದೆ, ಹಿಂದೆ ಸವರಿದರೆ ಗೊತ್ತಾಗುತ್ತದೆ. ಈಗಿನ ಪ್ರಿಂಟರಿನದು ಬಣ್ಣದ ಚುಕ್ಕೆ ಚುಕ್ಕೆ.

ತೊಳೆಯುವುದು ಹೇಗೆ?

ಲೇಬಲ್ ಇದ್ದರೆ ತೊಳೆಯಬೇಡಿ. ಮುಗೀತು. ಒಣ ಬ್ರಷ್ ಸಾಕು.

ಶುರುವಿನಲ್ಲಿ ನನಗೆ ಒಂದು ಕೆಮ್ಮಿನ ಔಷಧಿಯ ಸೀಸೆ ಸಿಕ್ಕಿತು. ಮಸಿ ಹಿಡಿದು ಕಪ್ಪಾಗಿತ್ತು. ರಾತ್ರಿ ಬಕೆಟ್ಟಿನಲ್ಲಿ ಸೋಪಿನ ನೀರಿಗೆ ಹಾಕಿ ಮಲಗಿದೆ. ಬೆಳಗ್ಗೆ ಎದ್ದು ನೋಡಿದರೆ ಸೀಸೆ ಫಳಫಳ, ನೀರಿನ ಮೇಲೆ ಮೆತ್ತಗಾದ ಕಾಗದದ ಚೂರುಗಳು. ಮಸಿಯ ಕೆಳಗೆ ಲೇಬಲ್ ಇತ್ತು. ಒಂದು ಚೂರಿನಲ್ಲಿ 'ಚಮಚ' ಅಂತ ಓದಲು ಬಂತು, ಅಷ್ಟೇ.

ಲೇಬಲ್ ಇಲ್ಲದ ಸೀಸೆಗೆ ಉಗುರು ಬೆಚ್ಚಗಿನ ನೀರು, ಸ್ವಲ್ಪ ಸೋಪು. ಕುದಿಯುವ ನೀರು ಬೇಡ, ಹಳೇ ಗಾಜು ಟಪ್ ಅಂತ ಸೀಳುತ್ತದೆ. ಒಳಗಿನ ಕೊಳೆಗೆ ಒಂದು ಹಿಡಿ ಅಕ್ಕಿ, ಸ್ವಲ್ಪ ನೀರು ಹಾಕಿ ಮೆಲ್ಲಗೆ ಗಿರಗಿರ ಆಡಿಸಿ. ಆ ಅಕ್ಕಿಯನ್ನು ಹಕ್ಕಿಗೂ ಹಾಕಬೇಡಿ. ಆಸಿಡ್ ಹತ್ತಿರ ಹೋಗಬೇಡಿ. ಮಣ್ಣಲ್ಲಿ ಇದ್ದ ಗಾಜು ಕಾಮನಬಿಲ್ಲಿನ ಹಾಗೆ ಮಿನುಗುತ್ತಿದ್ದರೆ ಅದು ಕೊಳೆಯಲ್ಲ, ಗಾಜೇ ಪದರ ಪದರವಾಗಿ ಸವೆದಿರುವುದು. ಉಜ್ಜಿದರೆ ಉದುರುತ್ತದೆ.

ಒಳಗೆ ಇನ್ನೂ ಔಷಧಿ ಇದೆ. ಏನು ಮಾಡಲಿ?

ಮೂಸಬೇಡಿ, ರುಚಿ ನೋಡಬೇಡಿ. ಇದನ್ನೂ ಹೇಳಬೇಕಾ ಅನ್ನಬೇಡಿ, ನನ್ನ ಎದುರೇ ಒಬ್ಬರು ಬೆರಳಲ್ಲಿ ಅದ್ದಿ ನಾಲಿಗೆಗೆ ಇಟ್ಟರು. ಹಳೇ ಔಷಧಿಗಳಲ್ಲಿ ಪಾದರಸ, ಪಾಷಾಣ, ಸ್ಟ್ರಿಕ್ನಿನ್ ಇರುತ್ತಿದ್ದವು. ಬಿರಡೆ ಬಿಗಿಯಾಗಿದ್ದರೆ ಹ್ಯಾಗಿದೆಯೋ ಹಾಗೇ ಇಡಿ, ಮಕ್ಕಳ ಕೈಗೆ ಎಟುಕದ ಕಡೆ. ಸೋರುತ್ತಿದ್ದರೆ ಕೈಗವಸು ಹಾಕಿ ಮುಚ್ಚಳದ ಡಬ್ಬಿಯಲ್ಲಿಡಿ, ಚರಂಡಿಗೆ ಸುರಿಯಬೇಡಿ, ಅಪಾಯದ ಕಸ ಅಂತ ಬೇರೆಯಾಗಿ ಕೊಡಿ. ಅಫೀಮು ಇದ್ದ ಔಷಧಿ ಅಂತ ಲೇಬಲ್ ಹೇಳಿದರೆ ತುಂಬಿದ ಸೀಸೆಯನ್ನು ಕೊಳ್ಳಲೂ ಬೇಡಿ, ಮಾರಲೂ ಬೇಡಿ. 1985ರ ಮಾದಕ ವಸ್ತು ಕಾಯ್ದೆಗೆ ನಿಮ್ಮ ಹವ್ಯಾಸದ ಕಥೆ ಬೇಕಾಗಿಲ್ಲ.

ಕಾಗದ ಕಾಪಾಡುವುದು ಹೇಗೆ?

ಬೆಂಗಳೂರಿನ ಹವೆ ಒಳ್ಳೆಯದು ಅನ್ನುತ್ತೇವೆ, ಕಾಗದವನ್ನು ಕೇಳಿ ನೋಡಿ. ಜೂನ್‌ನಿಂದ ಅಕ್ಟೋಬರ್ ತನಕ ಥಂಡಿ, ಆಮೇಲೆ ಬೆಳ್ಳಿಹುಳ. ಆಸಿಡ್ ಇಲ್ಲದ ಕಾಗದದ ನಡುವೆ ಚಪ್ಪಟೆಯಾಗಿ ಇಡಿ. ಸೆಲ್ಲೋಟೇಪ್ ಬೇಡವೇ ಬೇಡ. ಹತ್ತು ವರ್ಷಕ್ಕೆ ಹಳದಿ ಪಟ್ಟಿ ಬಿಟ್ಟು ಹೋಗುತ್ತದೆ. ಲ್ಯಾಮಿನೇಷನ್ ಮಾಡಿಸಿದರೆ ಅದು ಅಂತ್ಯಸಂಸ್ಕಾರ. ಲೇಬಲ್ ಸೀಸೆಯನ್ನು ಕಿಟಕಿಯಲ್ಲಿ ಇಟ್ಟರೆ ಚೆಂದ ಕಾಣುತ್ತದೆ, ಎರಡು ಬೇಸಿಗೆಗೆ ಕೆಂಪು ಶಾಯಿ ಮಾಯ.

ಕಾನೂನಿನ ತೊಡಕು ಏನಾದರೂ ಇದೆಯಾ?

ಖಾಲಿ ಸೀಸೆ ಮನೆಯಲ್ಲಿ ಇಟ್ಟುಕೊಂಡರೆ ಯಾರೂ ಕೇಳುವುದಿಲ್ಲ. ನೂರು ವರ್ಷ ದಾಟಿದ ವಸ್ತುಗಳ ಬಗ್ಗೆ 1972ರ ಪ್ರಾಚೀನ ವಸ್ತು ಕಾಯ್ದೆ ಇದೆ. ಅಂಥದ್ದನ್ನು ಖಾಸಗಿಯವರು ವಿದೇಶಕ್ಕೆ ಕಳಿಸುವಂತಿಲ್ಲ. ಅಮೆರಿಕದಲ್ಲಿರುವ ಮಗನಿಗೆ ಸೂಟ್‌ಕೇಸಿನಲ್ಲಿ ಹಾಕಿ ಕಳಿಸುವ ಮೊದಲು ವಿಚಾರಿಸಿ.

ಮನೆಯವರು ಏನೂ ಅನ್ನುವುದಿಲ್ಲವಾ?

ಅನ್ನುತ್ತಾರೆ.

ಹೆಸರಿಲ್ಲದ ಸಾದಾ ಸೀಸೆ ಬಿಸಾಕಬಹುದಾ?

ಮೊದಲು ಬದಿಯನ್ನು ನೋಡಿ. ಉದ್ದಕ್ಕೆ ಒಂದು ಕಾಗದದ ಪಟ್ಟಿಯ ಗುರುತು, ಅಂಚಿನಲ್ಲಿ ಕತ್ತರಿಯ ಹಲ್ಲು ಹಲ್ಲು ಕಚ್ಚು ಕಂಡರೆ ಬಿಸಾಕಬೇಡಿ.

ಆಗ ಆಸ್ಪತ್ರೆಗೆ ಹೋಗುವಾಗ ಮನೆಯಿಂದಲೇ ಸೀಸೆ ತೆಗೆದುಕೊಂಡು ಹೋಗಬೇಕಿತ್ತು. ಕಾಂಪೌಂಡರು ಕೆಂಪು ಮಿಕ್ಸ್ಚರ್ ತುಂಬಿ, ಬಿಳಿ ಕಾಗದವನ್ನು ಮಡಚಿ, ಕತ್ತರಿಯಲ್ಲಿ ಕಚ್ಚು ಹಾಕಿ, ಗೋಂದು ಹಚ್ಚಿ ಸೀಸೆಗೆ ಅಂಟಿಸುತ್ತಿದ್ದರು. ಒಂದು ಕಚ್ಚಿಗೆ ಒಂದು ಹೊತ್ತು. ಓದು ಬಾರದ ತಾಯಿಗೂ ಲೆಕ್ಕ ತಪ್ಪುತ್ತಿರಲಿಲ್ಲ. ಅದರಲ್ಲಿ ಒಂದು ಅಕ್ಷರ ಇಲ್ಲ, ಒಂದು ಚಿತ್ರ ಇಲ್ಲ, ಯಾರಿಗೂ ಏನೂ ಮಾರುವ ಆಸೆ ಇಲ್ಲ. ನನ್ನ ಕಪಾಟಿನಲ್ಲಿ ಅಂಥದ್ದು ಒಂದು ಇದೆ. ಐದು ಕಚ್ಚು. ರಾಮಬಾಣಗಳ ಸಾಲಿನ ನಡುವೆ ಇಟ್ಟಿದ್ದೇನೆ.

ಇನ್ನೂ ಸಿಗದೇ ಹುಡುಕುತ್ತಿರುವುದು ಯಾವುದು?

ಚಾಮರಾಜಪೇಟೆಯ ಒಂದು ಅಟ್ಟದಿಂದ ಬಂದ ಡಬ್ಬಿ ನನ್ನ ಹತ್ತಿರ ಇದೆ. ಮಕ್ಕಳ ಟಾನಿಕ್‌ನದು. ಒಂದು ಕಡೆ ಕನ್ನಡ, ಇನ್ನೊಂದು ಕಡೆ ತೆಲುಗು. ಬೆಲೆ ಹತ್ತು ಆಣೆ. ಸೂಚನೆ ಹಾಳೆಯೂ ಇದೆ, ಮಡಿಕೆ ಬಿಚ್ಚಿದಲ್ಲಿ ಹರಿದಿದೆ. ಸೀಸೆ ಇಲ್ಲ. ಅದು ಎಲ್ಲೋ ಸೀಮೆಎಣ್ಣೆ ತುಂಬಿಕೊಂಡು, ಆಮೇಲೆ ಖಾಲಿ ಸೀಸೆಯವನ ಚೀಲ ಹತ್ತಿ ಹೋಗಿರಬೇಕು. ಎಂಟು ವರ್ಷದಿಂದ ನೋಡುತ್ತಿದ್ದೇನೆ. ಡಬ್ಬಿಯ ಒಳ ತಳದಲ್ಲಿ ಸೀಸೆ ಕೂತಿದ್ದ ಗುಂಡಗಿನ ಕಲೆ ಇದೆ, ಒಂದೂವರೆ ಇಂಚು. ಸಂತೆಗೆ ಹೋಗುವಾಗ ಜೇಬಿನಲ್ಲಿ ಅಷ್ಟೇ ಅಗಲದ ರಟ್ಟಿನ ಬಿಲ್ಲೆ ಇಟ್ಟುಕೊಂಡು ಹೋಗುತ್ತೇನೆ.